ಆಟೋ ಮೇಲಿನ ನನ್ನ ದನಿ

ಟಕ್ ಅಂತ ಒಂದು ಸದ್ದು. ಆಮೇಲೆ ಕರಕರ. ಅದರ ಹಿಂದೆಯೇ ಕೀಬೋರ್ಡಿನಲ್ಲಿ ನುಡಿಸಿದ ಬ್ಯೂಗಲ್, ಅದೂ ಸ್ವಲ್ಪ ಅಪಸ್ವರ. ಬ್ಯೂಗಲ್ ನಿಂತ ತಕ್ಷಣ ನನ್ನ ದನಿ: ‘ಮತದಾರ ಬಂಧುಗಳೇ, ತಾಯಂದಿರೇ...’ ಆಟೋ ಮೇಲೆ ಕಟ್ಟಿದ ಹಾರ್ನ್ ಸ್ಪೀಕರಿನಿಂದ ಬರುವಾಗ ಅದು ನನ್ನದು ಅಂತ ನನಗೇ ಅನ್ನಿಸುತ್ತಿರಲಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನನಗಿಂತ ಧೈರ್ಯದವಳು ಯಾರೋ ಡಬ್ಬದೊಳಗೆ ಕೂತು ಮಾತಾಡುತ್ತಿದ್ದಾಳೆ ಅನ್ನೋ ಹಾಗೆ ಇರುತ್ತಿತ್ತು. ಈಗ ನನ್ನ ಕಿವಿ ಮಂದ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಸೊಸೆಯನ್ನು ಕೇಳಬೇಕು. ಆ ಟಕ್ ಮಾತ್ರ ಇನ್ನೂ ಕೇಳಿಸುತ್ತೆ.

ಕಾರ್ಗಿಲ್ ಮುಗಿದ ಮಾರನೇ ವರ್ಷ ತಾಲ್ಲೂಕ್ ಪಂಚಾಯ್ತಿ ಎಲೆಕ್ಷನ್ ಬಂತು. ಹಾಗಲವಾಡಿ ಕಡೆಯಿಂದ ನನ್ನ ತಮ್ಮ ಇಂಡಿಪೆಂಡೆಂಟ್ ಆಗಿ ನಿಂತಿದ್ದ. ಮಿಲಿಟರಿಯಲ್ಲಿ ಸರ್ವೀಸ್ ಮುಗಿಸಿ ಬಂದು ಅಪ್ಪನ ತೆಂಗಿನ ತೋಟ ನೋಡಿಕೊಂಡಿದ್ದವನು. ಊರಲ್ಲಿ ಅವನ ಹೆಸರು ಎಷ್ಟು ಜನಕ್ಕೆ ನೆನಪಿತ್ತೋ ಗೊತ್ತಿಲ್ಲ, ಎಲ್ಲರ ಬಾಯಲ್ಲೂ ‘ಮಿಲಿಟ್ರಿ’. ಆದರೆ ಆ ಮಿಲಿಟ್ರಿ ಯಾವ ಗಡಿಯನ್ನೂ ಕಂಡವನಲ್ಲ. ಅವನು ಕ್ಲರ್ಕ್. ರೆಕಾರ್ಡ್ಸ್ ಆಫೀಸಿನಲ್ಲಿ ಟೈಪ್‌ರೈಟರ್ ಮುಂದೆ ಕೂತು ಇಡೀ ಸರ್ವೀಸ್ ಕಳೆದ.

ಅವನನ್ನು ಕ್ಲರ್ಕ್ ಮಾಡಿದವಳು ನಾನೇ ಅನ್ನಬೇಕು. ನಮ್ಮ ಅಪ್ಪನಿಗೆ ಎಲ್ಲಿಂದ ಬುದ್ಧಿ ಬಂತೋ, ನನ್ನನ್ನು ತುಮಕೂರಿನಲ್ಲಿ ಕಾನ್ವೆಂಟಿಗೆ ಹಾಕಿದ್ದರು, ಬೋರ್ಡಿಂಗಿನಲ್ಲಿ. ರಜೆಗೆ ಊರಿಗೆ ಹೋದಾಗೆಲ್ಲ ತಮ್ಮನನ್ನು ಜಗುಲಿ ಮೇಲೆ ಕೂರಿಸಿಕೊಂಡು ಗ್ರಾಮರ್ ಹೇಳಿಕೊಡುತ್ತಿದ್ದೆ. ನಾನು ಟೈಪಿಂಗ್ ಕಲಿತಾಗ ಒಂದು ರಟ್ಟಿನ ಮೇಲೆ ಕೀಗಳ ಚಿತ್ರ ಬರೆದು ಅವನ ಬೆರಳಿಗೂ ಕಲಿಸಿದೆ. ಮುಂದೆ ಅದೇ ಅವನ ಅನ್ನ ಆಯಿತು.

ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ಅವನಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಕ್ಷೇಮ ಸಮಾಚಾರ ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು: ‘ಅಕ್ಕ, ಡೀಪ್ಲಿ ರಿಗ್ರೆಟ್ ಅನ್ನೋದಕ್ಕೆ ಬೇರೆ ವರ್ಡ್ಸ್ ಇದ್ದರೆ ಬರಿ.’ ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ ಇಂಗ್ಲಿಷ್ ಟೀಚರ್. ಉತ್ಸಾಹದಲ್ಲಿ ಐದಾರು ಪದ ಬರೆದು, ಒಂದೊಂದನ್ನೂ ಎಲ್ಲಿ ಬಳಸಬೇಕು ಅಂತ ನೋಟ್ಸ್ ಸಮೇತ ಕಳಿಸಿದೆ. ಯಾಕೆ ಕೇಳಿದೆ ಅಂತ ಕೇಳಲಿಲ್ಲ. ಅವನು ದಿನವಿಡೀ ಸತ್ತವರ ಮನೆಗಳಿಗೆ ತಂತಿ ಟೈಪ್ ಮಾಡುತ್ತಿದ್ದ ಅಂತ ಗೊತ್ತಾಗಿದ್ದು ಅವನು ರಿಟೈರ್ ಆಗಿ ಬಂದ ಮೇಲೆ. ‘ನೀನು ಕಳಿಸಿದ ವರ್ಡ್ಸ್ ಯಾವುದೂ ಉಪಯೋಗಕ್ಕೆ ಬರ್ಲಿಲ್ಲ ಅಕ್ಕ, ಫಾರ್ಮ್ಯಾಟ್ ಬದಲಾಯಿಸೋ ಹಾಗಿರ್ಲಿಲ್ಲ’ ಅಂದ, ಕಾಫಿ ಕುಡಿಯುತ್ತಾ.

ಅಂಥವನು ಎಲೆಕ್ಷನ್‌ಗೆ ನಿಂತಿದ್ದು ಸ್ಕೂಲಿನ ಸೂರು ಸೋರುತ್ತೆ, ಕುಡಿಯೋ ನೀರಿನ ಟ್ಯಾಂಕ್ ಬೇಕು ಅಂತ. ಎದುರು ನಿಂತವನು ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಪ್ಲೈವುಡ್ ಫಿರಂಗಿ ಕಟ್ಟಿಸಿ, ಅದರ ಬಾಯೊಳಗೆ ಪಟಾಕಿ ಹೊಡೆಸಿಕೊಂಡು ಊರೂರು ಸುತ್ತುತ್ತಿದ್ದ. ಅವನು ಗುಬ್ಬಿ ದಾಟಿ ಎಷ್ಟು ಸಲ ಹೋಗಿದ್ದನೋ ದೇವರಿಗೇ ಗೊತ್ತು. ಜನಕ್ಕೆ ಫಿರಂಗಿ ಇಷ್ಟವಾಗಿತ್ತು.

ಒಂದು ಭಾನುವಾರ ಅರಳಿಕಟ್ಟೆ ಹತ್ತಿರ ತಮ್ಮನ ಮೀಟಿಂಗು. ನಾನೂ ತುಮಕೂರಿನಿಂದ ಹೋಗಿ ಮುಂದಿನ ಪ್ಲಾಸ್ಟಿಕ್ ಚೇರಿನಲ್ಲಿ ಕೂತಿದ್ದೆ. ನೀರಿನ ಟ್ಯಾಂಕಿನ ವಿಷಯ ಅರ್ಧಕ್ಕೆ ಬಂದಿತ್ತು. ಹಿಂದಿನಿಂದ ಒಬ್ಬ ಕೂಗಿದ.

‘ಮಿಲಿಟ್ರಿ ಅಣ್ಣೋ, ಟ್ಯಾಂಕ್ ಆಮೇಲೆ ಕಟ್ಟುವಂತೆ. ಪಾಕಿಸ್ತಾನಕ್ಕೆ ಏನ್ ಮಾಡ್ಬೇಕು ಯೋಳು.’

ತಮ್ಮ ಮೈಕು ಕೆಳಗಿಳಿಸಿ ಸ್ವಲ್ಪ ಹೊತ್ತು ಯೋಚಿಸಿದ. ಅಲ್ಲೇ ಅವನು ಸೋತ ಅಂತ ನನಗನ್ನಿಸಿತು. ಆಮೇಲೆ ಹೇಳಿದ, ‘ಮಾತಾಡ್ಬೇಕಪ್ಪ. ಎಷ್ಟು ಹೊಡೆದಾಡಿದ್ರೂ ಕೊನೇಗೆ ಕೂತು ಮಾತೇ ಆಡ್ಬೇಕು. ಮೊದ್ಲೇ ಆಡಿದ್ರೆ ಒಂದಷ್ಟು ಹುಡುಗ್ರು ಉಳ್ಕೋತಾರೆ.’

‘ಹೆದ್ರುಕೊಂಡವ್ನೆ, ಬುಡ್ರಪ್ಪ’ ಅಂದರು ಯಾರೋ. ಕಟ್ಟೆ ತುಂಬ ನಗು. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತಮ್ಮನೂ ನಕ್ಕು ಮತ್ತೆ ಟ್ಯಾಂಕಿನ ವಿಷಯಕ್ಕೆ ಹೋದ. ನನ್ನ ಮುಖ ಮಾತ್ರ ಬಸ್ಸಿನಲ್ಲಿ ತುಮಕೂರು ಸೇರುವವರೆಗೂ ಉರಿಯುತ್ತಿತ್ತು.

ಕಾನ್ವೆಂಟಿನ ನಮ್ಮ ಮಾರಲ್ ಸೈನ್ಸ್ ಪುಸ್ತಕದಲ್ಲಿ ಪೀಸ್ ಅಂದರೆ ಒಂದು ಬಿಳಿ ಪಾರಿವಾಳ. ಬಣ್ಣ ಹಚ್ಚುವ ಕೆಲಸವೇ ಇಲ್ಲದ ಚಿತ್ರ, ಹಾಗಾಗಿ ನಮಗೆಲ್ಲ ಇಷ್ಟ. ಶಾಂತಿ ಅಂದರೆ ನನಗೆ ಅಷ್ಟೇ ಆಗಿತ್ತು. ಅದನ್ನು ಹೇಳಿದ್ದಕ್ಕೆ ಕಟ್ಟೆ ತುಂಬ ಜನ ನಗಬಹುದು, ನಕ್ಕಾಗ ಹೇಳಿದವನ ಅಕ್ಕನಿಗೆ ನಾಚಿಕೆಯಾಗಬಹುದು ಅಂತ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ತಮ್ಮನ ಗೆಳೆಯ ಮನೆಗೆ ಬಂದ. ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವನು, ಎಲೆಕ್ಷನ್ ಓಡಾಟವೆಲ್ಲ ಅವನದೇ.

‘ಅಕ್ಕಾವ್ರೇ, ಹಿಂಗಾದ್ರೆ ಗೋವಿಂದ. ಶಾಂತಿ ಮಾಡ್ಸೋಕೆ ಪುರೋಹಿತ್ರವ್ರೆ, ಅದಕ್ಕೆ ತಾಲ್ಲೂಕ್ ಪಂಚಾಯ್ತಿ ಯಾಕೆ ಅಂತಾರೆ ಜನ.’

‘ತಾಲ್ಲೂಕ್ ಪಂಚಾಯ್ತಿಗೆ ಪಾಕಿಸ್ತಾನ ಯಾಕಪ್ಪಾ ಅಂತ ನೀನು ಕೇಳಬೇಕಿತ್ತು’ ಅಂದೆ.

‘ಕೇಳ್ದೆ. ಫಿರಂಗಿ ತೋರ್ಸಿದ್ರು’ ಅಂದ. ‘ನೀವು ನೀರು, ಸೂರು ಅಂತ ಕ್ಯಾಸೆಟ್ ಮಾಡ್ಕೊಡ್ತೀನಿ ಅಂದಿದ್ರಲ್ಲ, ಅದು ಎ ಸೈಡ್‌ಗೆ ಇರ್ಲಿ. ಬಿ ಸೈಡ್ ಖಾಲಿ ಬುಡೋದ್ಯಾಕೆ?’ ಅಂತ ಜೇಬಿನಿಂದ ಒಂದು ಚೀಟಿ ತೆಗೆದ. ತಮ್ಮನಿಗೆ ಹೇಳಿದೆಯಾ ಅಂತ ಕೇಳಿದರೆ ತಲೆ ಕೆರೆದುಕೊಂಡ. ‘ಅವ್ನಿಲ್ದಿರೋ ಕಡೆ ಹಾಕುಸ್ತೀನಿ. ಗೆದ್ದ ಮ್ಯಾಲೆ ಬೈಲಿ ಬುಡಿ.’

ಶಿರಾ ಗೇಟಿನಲ್ಲಿ ಸೈಕಲ್ ಅಂಗಡಿ ಮೇಲೊಂದು ರೆಕಾರ್ಡಿಂಗ್ ರೂಮು ಇತ್ತು. ಹೊರಗಿನ ಸದ್ದು ಬರದಿರಲಿ ಅಂತ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ಆದರೂ ಕೆಳಗಿನ ಲಾರಿ ಹಾರ್ನ್ ಒಳಗೆ ಬರುತ್ತಿತ್ತು, ಹಾಗಾಗಿ ಪ್ರತಿ ವಾಕ್ಯವನ್ನೂ ಮೂರು ಸಲ ಹೇಳಬೇಕು. ಎ ಸೈಡ್ ಮುಗಿಸಿದೆ. ಬಿ ಸೈಡ್‌ಗೆ ಚೀಟಿ ಕೈಗೆ ತಗೊಂಡೆ. ‘ಶತ್ರುವಿನ ಎದೆ ನಡುಗಿಸಿದ ವೀರಯೋಧ’ ಅಂತೆಲ್ಲ ಇತ್ತು. ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಸ್ಕೂಲಲ್ಲಿ ಎಲೊಕ್ಯೂಷನ್‌ಗೆ ಪ್ರೈಜ್ ತಗೊಂಡವಳು ನಾನು. ಮೈಕಿನ ಮುಂದೆ ನಿಂತರೆ ಎದೆಯೊಳಗೆ ಏನೋ ಎದ್ದು ನಿಲ್ಲುತ್ತೆ. ಕೊನೆಗೆ ಬರುವಾಗ ಫಿನಿಶಿಂಗ್ ಸಾಲದು ಅನ್ನಿಸಿ ನಾನೇ ಒಂದು ಸಾಲು ಸೇರಿಸಿದೆ: ‘ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮ ಹಾಗಲವಾಡಿಯ ಮಕ್ಕಳ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಂತವರು.’ ಅದು ಚೀಟಿಯಲ್ಲಿ ಇರಲಿಲ್ಲ.

ರೆಕಾರ್ಡಿಂಗಿನವನು ಹೆಡ್‌ಫೋನ್ ತೆಗೆದು, ‘ಮೇಡಂ, ಮೈ ಜುಂ ಅಂತು’ ಅಂದ. ಸಂತೋಷವಾಯಿತು.

ಆಟೋದವನ ಪ್ಲೇಯರು ಆಟೋ ರಿವರ್ಸಿನದು. ಒಂದು ಸೈಡ್ ಮುಗಿದರೆ ಟಕ್ ಅಂತ ತಾನೇ ಇನ್ನೊಂದಕ್ಕೆ ಹೊರಳುತ್ತೆ. ಅದನ್ನು ನಾವ್ಯಾರೂ ಯೋಚಿಸಲೇ ಇಲ್ಲ. ಒಂದು ದಿನ ತಮ್ಮ ಹಾಗಲವಾಡಿಯಲ್ಲಿ ಒಬ್ಬ ಅಜ್ಜಿಯ ಜಗುಲಿಯಲ್ಲಿ ಕೂತು ಓಟು ಕೇಳುತ್ತಿದ್ದಾಗ, ಹೊರಗೆ ನೆರಳಿಗೆ ನಿಲ್ಲಿಸಿದ್ದ ಆಟೋದಲ್ಲಿ ನೀರು, ಸೂರು ಎಲ್ಲ ಮುಗಿದು, ಟಕ್ ಅಂತ, ಬಿ ಸೈಡಿನ ಬ್ಯೂಗಲ್ ಶುರುವಾಯಿತು.

ಮಾರನೇ ದಿನ ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತ.

‘ಅಕ್ಕ, ನಿನ್ನೆ ಹಾಗಲವಾಡಿಲಿ ಒಬ್ಬ ಅಜ್ಜಿ ಮನೆಗೆ ಹೋಗಿದ್ದೆ. ಅವಳ ಮಗ ಎಪ್ಪತ್ತೊಂದರ ಯುದ್ಧದಲ್ಲಿ ಹೋದ. ಆ ಮನೆಗೆ ತಂತಿ ಟೈಪ್ ಮಾಡಿದ್ದು ನಾನು. ನಮ್ಮೂರ ಪಕ್ಕದ ಅಡ್ರೆಸ್ ಅಂತ ಅವತ್ತೇ ಗೊತ್ತಾಗಿತ್ತು. ಇಷ್ಟು ವರ್ಷ ಅವಳಿಗೆ ಹೇಳಿರ್ಲಿಲ್ಲ.’

ನಾನು ಒಳಗೆ ಹೋಗಿ ಒಲೆ ಆರಿಸಿ ಬಂದೆ.

‘ಕ್ಯಾಸೆಟ್ ಕೇಳಿಸ್ಕೊಂಡು ಹತ್ರ ಬಂದ್ಲು. ನೀನೂ ಅಲ್ಲೇ ಇದ್ದೇನ್ಲಾ ಮಗ, ನನ್ ಮಗನ್ನ ಕಂಡಿದ್ಯಾ ಅಂತ ಕೇಳಿದ್ಲು.’

‘ಏನಂದೆ?’

‘ಹೂಂ ಅಂದೆ. ನಿನ್ನ ದನಿ ಇನ್ನೂ ಬರ್ತಾನೇ ಇತ್ತು, ಇಲ್ಲ ಅಂತ ಹೆಂಗೆ ಹೇಳ್ಲಿ? ಉಂಡಿದ್ನಾ ಅಂತ ಕೇಳಿದ್ಲು. ಉಂಡಿದ್ದ ಅಂದೆ. ಏನುಂಡ ಅಂದ್ಲು. ಅನ್ನ, ಬೇಳೆ ಸಾರು ಅಂದೆ. ಮುದ್ದೆ ಸಿಕ್ತಿರಲಿಲ್ವೇನೋ ಅಂತ ಅತ್ಲು.’

ಕೂತ್ಕೋ, ಕಾಫಿ ಕುಡಿ ಅಂದೆ. ಬೇಡ ಅಂದ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಅಳುತ್ತಿದ್ದೆ, ಅಲ್ಲಿಗೆ ಮುಗಿದು ಹೋಗುತ್ತಿತ್ತೇನೋ. ನಾಮಪತ್ರ ವಾಪಸ್ ತಗೊಳ್ಳೋ ದಿನ ಕಳೆದಿತ್ತು.

ಗೆದ್ದ. ಫಿರಂಗಿ ಸೋತಿತು. ಆ ಅಜ್ಜಿ ಕೋಲೂರಿಕೊಂಡು ಮನೆಮನೆಗೆ ಹೋಗಿ, ‘ನನ್ ಮಗನ್ ಕಡೇ ಊಟ ಕಂಡವ್ನೆ ಕಣ್ರೋ, ಅವ್ನಿಗೇ ಹಾಕಿ’ ಅಂದಿದ್ದಳಂತೆ. ಗೆದ್ದ ದಿನ ಹಾರ ಹಾಕಿಸಿಕೊಂಡು ನಿಂತ ತಮ್ಮನ ಫೋಟೋ ನನ್ನ ಹತ್ತಿರ ಈಗಲೂ ಇದೆ. ತಂತಿ ಬಂದ ಮನೆಯವನ ಮುಖ ಅದು.

ಸ್ಕೂಲಿಗೆ ಸೂರು ಹಾಕಿಸಿದ, ಟ್ಯಾಂಕೂ ಕಟ್ಟಿಸಿದ. ಅಜ್ಜಿ ಮಾತ್ರ ಅವನು ಸಿಕ್ಕಾಗೆಲ್ಲ ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದಳು. ಸ್ವೆಟರ್ ಹಾಕ್ಕೊಂಡಿದ್ನಾ? ಯಾವ ಬಣ್ಣದ್ದು? ನಗ್ತಿದ್ನಾ? ನನ್ನ ಕೇಳಿದ್ನಾ? ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಹುಟ್ಟುತ್ತಿತ್ತು. ಹೋದ ಸಲ ಹೇಳಿದ್ದಕ್ಕೂ ಈ ಸಲ ಹೇಳಿದ್ದಕ್ಕೂ ವ್ಯತ್ಯಾಸ ಬರಬಾರದು ಅಂತ ತಮ್ಮ ಒಂದು ಪಾಕೆಟ್ ಡೈರಿ ಇಟ್ಟುಕೊಂಡಿದ್ದ. ಕ್ಲರ್ಕ್ ಬುದ್ಧಿ. ಒಮ್ಮೆ ನನ್ನ ಮನೆ ಟೇಬಲ್ ಮೇಲೆ ಅದನ್ನು ಮರೆತಿದ್ದಾಗ ತೆರೆದು ನೋಡಿದೆ. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಒಂದರ ಕೆಳಗೊಂದು ಬರೆದಿದ್ದ: ಗ್ರೇ ಸ್ವೆಟರ್. ರೈಸ್ ಅಂಡ್ ದಾಲ್. ಆಸ್ಕ್ಡ್ ಅಬೌಟ್ ಮದರ್. ಸ್ಪೆಲಿಂಗ್ ಎಲ್ಲ ಸರಿಯಾಗಿತ್ತು. ನಾನೇ ಕಲಿಸಿದ್ದಲ್ಲವೇ.

ಮೊದಲೆಲ್ಲ ಏನಾದರೂ ಅರ್ಜಿ ಬರೆಯುವಾಗ ಫೋನ್ ಮಾಡಿ ‘ಅಕ್ಕ, ಈ ವರ್ಡ್ ಕರೆಕ್ಟಾ’ ಅಂತ ಕೇಳುತ್ತಿದ್ದ. ಎಲೆಕ್ಷನ್ ಆದ ಮೇಲೆ ಒಂದು ಪದವನ್ನೂ ಕೇಳಲಿಲ್ಲ. ಹಬ್ಬಕ್ಕೆ ಬರುತ್ತಿದ್ದ, ಊಟ ಮಾಡುತ್ತಿದ್ದ, ಮೊಣಕಾಲು ನೋವು ಹೇಗಿದೆ ಅಂತ ವಿಚಾರಿಸುತ್ತಿದ್ದ. ಅಷ್ಟೇ. ಟರ್ಮ್ ಮುಗಿದದ್ದೇ ತಡ, ತೋಟ ಗುತ್ತಿಗೆಗೆ ಕೊಟ್ಟು ಹೆಂಡತಿ ಊರು ಕುಣಿಗಲ್‌ಗೆ ಹೊರಟುಹೋದ. ದೊಡ್ಡಕೆರೆ ಏರಿ ಮೇಲೆ ಸಂಜೆ ವಾಕಿಂಗ್ ಹೋಗ್ತೀನಿ, ಯಾರೂ ಗುರುತು ಹಿಡಿಯಲ್ಲ, ಚೆನ್ನಾಗಿದೆ ಅಂದ.

ಈಗಲೂ ಎಲೆಕ್ಷನ್ ಬಂದರೆ ಟಿವಿಯಲ್ಲಿ ಅದೇ ಚರ್ಚೆ. ಗಡಿ, ಶೌರ್ಯ, ಎದೆಗಾರಿಕೆ ಅಂತ ಓಟು ಕೇಳಬಹುದೋ, ಶಾಂತಿ ಅಂತ ಕೇಳಬೇಕೋ. ಸೊಸೆ ವಾಲ್ಯೂಮ್ ಜಾಸ್ತಿ ಮಾಡಿ, ‘ನೀವೇನಂತೀರಾ ಅತ್ತೆ’ ಅನ್ನುತ್ತಾಳೆ. ನಾನೇನು ಹೇಳಲಿ. ಗೆಲ್ಲೋದು ಬಿ ಸೈಡು. ಅದು ನನಗೆ ಗೊತ್ತು, ನಾನೇ ಓದಿದ್ದು. ಗೆದ್ದವನು ಆಮೇಲೆ ಯಾರ ಮನೆ ಜಗುಲಿಯಲ್ಲಿ ಕೂತು ಏನು ಹೇಳಬೇಕಾಗುತ್ತೆ ಅಂತ ಟಿವಿಯಲ್ಲಿ ಯಾರೂ ಕೇಳಲ್ಲ.

ತಮ್ಮ ಕುಣಿಗಲ್ ಸೇರಿ ಎರಡು ಮೂರು ವರ್ಷವಾಗಿರಬೇಕು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದ. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

‘ಅಜ್ಜಿ ಹಾಸಿಗೆ ಹಿಡಿದವ್ಳೆ ಅಕ್ಕ. ಇನ್ನೊಂದ್ ವಾರವೋ ಏನೋ. ಹೋಗಿ ನಿಜ ಹೇಳ್ಬಿಡ್ತೀನಿ. ನೀನೂ ಬಾ.’

‘ನಾನ್ಯಾಕೋ?’

‘ಕ್ಯಾಸೆಟ್‌ನಲ್ಲಿರೋದು ನಿನ್ನ ದನಿ. ನೀನೇ ಒಂದ್ಮಾತು, ನಾನು ಸುಮ್ನೆ ಓದಿದ್ದು ಕಣವ್ವ ಅಂದ್ರೆ ಸಾಕು. ಮಿಕ್ಕಿದ್ದು ನಾನ್ ಹೇಳ್ತೀನಿ.’

‘ಸಾಯೋ ಹೊತ್ತಲ್ಲಿ ಆ ಮುದುಕಿಗೆ ಯಾಕೋ ಇದು? ಅನ್ನ ಸಾರು ಉಂಡಿದ್ದ ಅಂತ ನೆಮ್ಮದಿಯಾಗಿ ಹೋಗ್ಲಿ ಬಿಡು. ನಿನ್ನ ಸಮಾಧಾನಕ್ಕೆ ಅವಳ ಹೊಟ್ಟೆ ಉರಿಸ್ತೀಯಾ?’

‘ಇರಬಹುದು’ ಅಂದ. ‘ನನ್ನ ಸಮಾಧಾನಕ್ಕೇ ಇರಬಹುದು. ಬರ್ತೀಯಾ?’

ಮೊಣಕಾಲು ಅಂದೆ. ಬಸ್ ಹತ್ತೋಕಾಗಲ್ಲ ಅಂದೆ. ಮೊಣಕಾಲು ನೋಯುತ್ತಿದ್ದದ್ದು ನಿಜ. ಆದರೆ ಅದೇ ವಾರ ಒಂದು ಮದುವೆಗೆ ಬಸ್ಸಿನಲ್ಲೇ ಹೋಗಿ ಬಂದಿದ್ದೆ. ಅದು ಅವನಿಗೂ ಗೊತ್ತಿತ್ತು. ಮತ್ತೆ ಕರೆಯಲಿಲ್ಲ.

ಅಜ್ಜಿ ಆ ವಾರವೇ ಹೋದಳು. ತಮ್ಮ ಕೂಡ ಎರಡು ತಿಂಗಳಿಗೆ ಕುಣಿಗಲ್‌ನಲ್ಲಿ, ಹಾರ್ಟ್ ಅಟ್ಯಾಕ್ ಆಗಿ. ನಾನು ಹೋಗುವಷ್ಟರಲ್ಲಿ ಮುಖ ಮುಚ್ಚಿದ್ದರು. ಮುಸುಕು ತೆಗೆದು ನೋಡು ಅಂದರು, ನೋಡಲಿಲ್ಲ. ಅವತ್ತು ಹಾಗಲವಾಡಿಯಲ್ಲಿ ಏನು ಹೇಳಿದ ಅಂತ ಫೋನಿನಲ್ಲಿ ಕೇಳಬಹುದಿತ್ತು. ಎರಡು ತಿಂಗಳು ಟೈಮ್ ಇತ್ತು. ಕೇಳಲಿಲ್ಲ. ಅವನ ಹೆಂಡತಿಗೂ ಗೊತ್ತಿಲ್ಲ.

ಹಾಗಾಗಿ ಅವನನ್ನು ಕೊನೆಯ ಸಲ ನೋಡಿದ್ದು ಆ ಬೆಳಿಗ್ಗೆಯೇ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ. ಹತ್ತೋಕಾಗಲ್ಲ ಅಂದವಳು ಅಲ್ಲಿಯವರೆಗೆ ನಡೆದುಕೊಂಡೇ ಹೋಗಿದ್ದೆ. ಗುಬ್ಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು ಅವನಿಗೆ. ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿಟ್ಟಿದ್ದ. ಕಂಡಕ್ಟರ್ ವಿಷಲ್ ಹಾಕುವವರೆಗೂ ತೆಗೆಯಲಿಲ್ಲ. ಆಮೇಲೆ ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡ, ಯಾರೋ ಬಂದು ಅಲ್ಲಿ ಕೂತರು. ಬಸ್ಸು ಹೊರಟಾಗ ಅವನು ಜೇಬಿನಿಂದ ಆ ಡೈರಿ ತೆಗೆದು, ಕನ್ನಡಕ ಏರಿಸಿಕೊಂಡು, ತಲೆ ತಗ್ಗಿಸಿ ಓದುತ್ತಿದ್ದ.