ಸೋಮವಾರ ಹೂಡದ ಎತ್ತು, ಮೂರು ಕುಳಿಯ ಗಾಲ್ಫ್

“ಅಮ್ಮಿ, ಹುಲಗಪ್ಪಜ್ಜ ಎತ್ತಿಗಿ ಸಾಕ್ಸ್ ಯಾಕ ಹಾಕ್ತಾನ?” ಎಂದು ಫಿಜಾ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು. ಅವಳಿನ್ನೂ ಒಂದನೇ ತರಗತಿ.

ಅದು ಸಾಕ್ಸ್ ಅಲ್ಲ, ಗೋಣಿತಟ್ಟು. ರೋಲರ್ ಎಳೆಯುವಾಗ ಗೊರಸು ಊರಿ ಹುಲ್ಲಿನಲ್ಲಿ ತಗ್ಗು ಬೀಳಬಾರದೆಂದು ಹುಲಗಪ್ಪ ಕಾಕಾ ಎಂಟೂ ಕಾಲಿಗೆ ಕಟ್ಟುತ್ತಾನೆ. ಚೆಂಡು ತಗ್ಗಿನಲ್ಲಿ ಸಿಕ್ಕಿಬಿದ್ದರೆ ನಮ್ಮ ಹಿರಿಯರು ಅವತ್ತು ಸರಿಯಾಗಿ ಊಟ ಮಾಡುವುದಿಲ್ಲ.

ಗದಗದ ಹೊರಗೆ, ನಿವೃತ್ತರಿಗೆಂದೇ ಕಟ್ಟಿದ ಬಡಾವಣೆಯ ಕಚೇರಿಯಲ್ಲಿ ನನ್ನ ಕೆಲಸ. ಇಪ್ಪತ್ತು ಮನೆಗಳಿದ್ದಾಗ ಗಾಲ್ಫಿಗೆ ಆರು ಕುಳಿಗಳಿದ್ದವು. ಈಗ ಮನೆ ತೊಂಬತ್ತು, ಕುಳಿ ಮೂರು. ಉಳಿದ ಮೂರರ ಮೇಲೆ ಎರಡನೇ ಹಂತದ ಮನೆಗಳು ನಿಂತಿವೆ. ಯಾರ ಪಾಳಿ ಯಾವಾಗ, ಯಾವತ್ತು ಬಂದ್ ಎಂದು ನಾನು ಬಾಗಿಲ ಬಳಿಯ ಕರಿಹಲಗೆಯಲ್ಲಿ ಬರೆಯುತ್ತೇನೆ.

ಕಾಕಾ ಅಂತೂರ ಬೆಂತೂರಿನವನು. ಊರತುಂಬ ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳಿಗೆ ನೌಕರಿ ಹುಡುಕಿಕೊಂಡು ಬಂದ. ಅವಕ್ಕೆ ಸಿಕ್ಕಿತು, ಅವುಗಳ ಹಿಂದೆ ಅವನಿಗೂ.

ತೊಂದರೆ ಒಂದೇ. ಗಾಲ್ಫ್ ಅಂದರೆ ಸೋಮವಾರ ಬಂದ್ ಇಟ್ಟು ರೋಲರ್ ಹೊಡೆಯಬೇಕು ಎಂದು ಸಮಿತಿಯ ಅಧ್ಯಕ್ಷರಾದ ನಂದೀಶ ಸಾಹೇಬರು ಎಲ್ಲೋ ಓದಿದ್ದಾರೆ. ಸೋಮವಾರ ಬಸವಣ್ಣನ ವಾರ, ಕಾಕಾ ಎತ್ತು ಹೂಡುವುದಿಲ್ಲ. ಮಂಗಳವಾರ ಹೂಡುತ್ತಾನೆ, ಅವತ್ತೂ ಆಟ ಇಲ್ಲ. ವಾರಕ್ಕೆ ಎರಡು ದಿನ ಹೋಯಿತು. ಪಾಳಿ ಸಿಗದವರು ಬೆಳಿಗ್ಗೆ ಕಚೇರಿಗೆ ಬಂದು ನನ್ನ ಮುಖ ನೋಡುತ್ತ ಕೂಡುತ್ತಾರೆ.

ಇವತ್ತು ಸೋಮವಾರ. ಸಾಹೇಬರು ಮೈದಾನಕ್ಕೇ ಬಂದರು.

“ಹುಲಗಪ್ಪ, ಮುಂದಿನ ವಾರ ಮಶೀನ್ ಬರತೈತಿ. ಎತ್ತು ಊರಿಗಿ ಹೊಡಕೊಂಡು ಹೋಗು.”

“ನಾನೂ ಹೋಗ್ಲ್ಯಾ?”

“ಎತ್ತಿನ ಸಂಗಾಟ ಬಂದಿದ್ದಿ, ಎತ್ತಿನ ಸಂಗಾಟ ಹೋಗು.”

“ನಿಮ್ಮಪ್ಪಾರು ಸೋಮವಾರ ಹೂಡತಿದ್ರೇನ್ರಿ?”

ಸಾಹೇಬರು ಯೋಚಿಸಿದರು. “ಇಲ್ಲ. ಆದ್ರ ನಮ್ಮಪ್ಪ ಗಾಲ್ಫ್ ಆಡತಿದ್ದಿಲ್ಲ.”

“ವಾರ ಎತ್ತಿಗಿ ಐತ್ರಿ, ನನಗಿಲ್ಲ,” ಎಂದು ಕಾಕಾ ತಾನೇ ನೊಗಕ್ಕೆ ಹೆಗಲು ಕೊಟ್ಟ. ರೋಲರ್ ಒಂದು ಗೇಣು ಸರಿಯಿತು. ಎತ್ತುಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತ ನೋಡಿದವು.

ಕಟ್ಟೆಯ ಮೇಲಿದ್ದ ಶಂಕ್ರೆವ್ವ ಟೀಚರು ಕನ್ನಡಕ ಒರೆಸಿಕೊಂಡರು. ಮೂರು ವಾರದಿಂದ ಅವರಿಗೆ ಪಾಳಿಯಿಲ್ಲ. “ನಂದೀಶ, ನೀನೂ ಒಂದ್ ಕೈ ಹಚ್ಚಪಾ. ಇಲ್ಲಾಂದ್ರ ಇದು ದೀಪಾವಳಿಗಿ ಮುಟ್ಟತೈತಿ.”

ಸಾಹೇಬರು ಕೈ ಹಚ್ಚಲಿಲ್ಲ. “ಬಂದ್ ಯಾವತ್ತಂತ ಸಂಜೀಕ ಕರಿಹಲಗಿ ನೋಡಿ ಮಶೀನಿನವರಿಗೆ ಫೋನ್ ಮಾಡ್ತೀನಿ,” ಎಂದು ಹೇಳಿ ಹೋದರು.

ಮಧ್ಯಾಹ್ನ ಕಾಕಾ ಕಚೇರಿಗೆ ಬಂದ. ಹೆಗಲು ಕೆಂಪಾಗಿತ್ತು. ಅರಿಸಿನ ಹಚ್ಚಿಕೊ ಎಂದೆ. ಅವನು ಕರಿಹಲಗೆಯತ್ತ ಕೈ ತೋರಿಸಿದ.

“ಯಾಸ್ಮೀನವ್ವಾ, ಹಲಗಿ ಮ್ಯಾಲ ‘ಸೋಮವಾರ ಬಂದ್’ ಅಳಿಸಿ ‘ಮಂಗಳವಾರ ಬಂದ್’ ಅಂತ ಆಗಬೇಕು ನೋಡು. ಒಂದ ದಿನ ಬಂದ್, ಅವತ್ತ ರೋಲರ್, ಮಶೀನ್ ಯಾಕ ಬೇಕು? ಸೋಮವಾರ ಟೀಚರು ಆಡ್ಲಿ. ನೀ ಬರಿಬ್ಯಾಡ, ನಿನ್ನ ನೌಕರಿಗಿ ಕುತ್ತು ಬರತೈತಿ. ಫಿಜಾ ಸಾಲಿ ಬಿಟ್ಟ ಬಂದ ಮ್ಯಾಲ ಆಕಿ ಕೈಲೆ ಬರಸು. ಕೂಸಿನ ಅಕ್ಷರ ಸಾಹೇಬ್ರು ಅಳಸೂದಿಲ್ಲ.”