ಥೊವಾಳ ಅಡುಗೆಮನೆ ಗೋಡೆ

ಹನೋಯಿಯಿಂದ ಬಂದ ಇಬ್ಬರು ಡ್ವಾನ್ ಮೇಷ್ಟ್ರ ಹೆಸರೆತ್ತಿದ ಕೂಡಲೇ ಮುದುಕಿ ಥೊವಾ ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಕನ್ನಡಕದ ಹುಡುಗಿಯ ಹೆಸರು ಥುಯ್ ಅಂತೆ. ಜೊತೆಗೊಬ್ಬ ಕ್ಯಾಮೆರಾ ನೇತುಹಾಕಿಕೊಂಡ ಗಂಡಸು. ಮೇಷ್ಟ್ರ ಶಿಷ್ಯರಂತೆ, ಅವರ ಜೀವನಚರಿತ್ರೆ ಬರೆಯುತ್ತಾರಂತೆ. ಯುದ್ಧದ ಕಾಲದಲ್ಲಿ ಮೇಷ್ಟ್ರು ಈ ಮನೆಯಲ್ಲಿದ್ದಾಗ ಏನು ಬರೆಯುತ್ತಿದ್ದರು ಎಂದು ಕೇಳಿದರು. ಏನು ಬರೆಯುತ್ತಿದ್ದರು! ಹಿಂದೆ ಇದೇ ಪ್ರಶ್ನೆ ಕೇಳಿದವರೇ ಮೇಷ್ಟ್ರನ್ನು ಎಳೆದುಕೊಂಡು ಹೋಗಿದ್ದರು. ಥೊವಾ ಹಸಿರು ಚಹಾ ಬಗ್ಗಿಸಿ ಕೊಟ್ಟಳು.

ಮೇಷ್ಟ್ರು ಬರೆದದ್ದು ಅವಳ ಅಡುಗೆಮನೆಯಲ್ಲಿ, ಒಲೆಗೆಂದು ಒಟ್ಟಿದ ಒಣಹುಲ್ಲಿನ ರಾಶಿಯ ಹಿಂದೆ, ಗೋಡೆಯ ಮೇಲೆ ಹಾಗೇ ಇತ್ತು.

ಬಾಂಬಿನ ಭಯಕ್ಕೆ ವಿಶ್ವವಿದ್ಯಾಲಯವನ್ನೇ ಹಳ್ಳಿಹಳ್ಳಿಗೆ ಹಂಚಿದ ವರ್ಷ ಅವರು ಬಂದದ್ದು. ಲೆಕ್ಕದ ಮೇಷ್ಟ್ರು ಅಂದಮೇಲೆ ಒಂದು ಲೆಕ್ಕಾಚಾರ ಇರಬೇಡವೇ? ಒಂದು ಕಾಲಿಗೆ ಟೈರಿನ ಚಪ್ಪಲಿ, ಇನ್ನೊಂದಕ್ಕೆ ಮರದ್ದು. ಕೊಳಕ್ಕೆ ಕೈ ತೊಳೆಯಲು ಹೋದವರು ಸೊಂಟಮಟ್ಟ ನೀರಿನಲ್ಲಿ ನಿಂತೇ ಬಿಡುವರು, ಬಾತುಕೋಳಿಗಳು ಸುತ್ತು ಬಳಸಿ ಹೋಗಬೇಕು. ಊಟಕ್ಕೆ ಕರೆದರೆ ಆಗಲೇ ಉಂಡೆ ಎನ್ನುವರು, ಉಂಡೆದ್ದ ಮೇಲೆ ಇನ್ನೂ ಬಡಿಸಲಿಲ್ಲವಲ್ಲ ಎನ್ನುವರು. ಅಂಥ ತಲೆ ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ಅವರ ವಿದ್ಯಾರ್ಥಿಗಳು ಹೇಳುತ್ತಿದ್ದರು. ಇದ್ದೀತು. ಥೊವಾಗೆ ಗೊತ್ತಿದ್ದದ್ದು ತನ್ನ ವೀಳ್ಯದ ಸುಣ್ಣ ದಿನದಿನಕ್ಕೂ ಖಾಲಿಯಾಗುವುದಷ್ಟೇ. ಪಕ್ಕದ ಮನೆಯವಳೇ ಕಳ್ಳಿಯೆಂದು ಜಗಳವಾಡಿ ಮಾತೂ ಬಿಟ್ಟಿದ್ದಳು. ಆಮೇಲೆ ನೋಡಿದರೆ, ಸೀಮೆಸುಣ್ಣ ಸಿಗದ ಮೇಷ್ಟ್ರು ಆ ಸುಣ್ಣವನ್ನು ಬೆರಳಿಗೆ ಮೆತ್ತಿಕೊಂಡು ಮಸಿ ಹಿಡಿದ ಗೋಡೆ ತುಂಬ ಗೀಚಿದ್ದರು!

ಊರಿಗೆ ಆಗಲೇ ಅವರ ಮೇಲೆ ಗುಮಾನಿ. ವಿಮಾನದವರ ಕಣ್ಣಿಗೆ ಬೀಳಬಾರದೆಂದು ಎಲ್ಲರೂ ಬಟ್ಟೆಗೆ ಕಂದು ಬಣ್ಣ ಹಾಕಿ, ಬಿಳಿ ಕೋಳಿಗೂ ಕೆಸರು ಬಳಿದಿದ್ದ ಕಾಲ. ಈ ಪುಣ್ಯಾತ್ಮರು ಬಿಳಿ ಅಂಗಿ ಒಗೆದು ಬೇಲಿಯ ಮೇಲೆ ಹರವಿದರು. ಊರ ಕಾವಲು ಪಡೆಯ ಮುಖ್ಯಸ್ಥ ಬಿಯೆನ್ ಬಂದು, ನಿನ್ನ ಮನೆಯಲ್ಲಿ ಇವರು ಏನು ಮಾಡುತ್ತಾರೆ ಎಂದು ಥೊವಾಳನ್ನು ಕೇಳಿದ. ಸುಣ್ಣದ ಸಿಟ್ಟು ಅವಳಿಗಿನ್ನೂ ಆರಿರಲಿಲ್ಲ.

"ಬರೀತಾರೆ. ಗೋಡೆ ತುಂಬ ಬರೀತಾರೆ. ಒಂದಕ್ಷರಾನೂ ನಮ್ಮ ಭಾಷೇದಲ್ಲ," ಅಂದುಬಿಟ್ಟಳು.

ಅಷ್ಟೇ ಸಾಕಾಯಿತು. ಇದರಿಂದ ಯಾರಿಗೆ ಏನು ಉಪಯೋಗ ಎಂದು ಬಿಯೆನ್ ಗದರಿದಾಗ ಮೇಷ್ಟ್ರು ತುಂಬ ಹೊತ್ತು ಯೋಚಿಸಿ, ಯಾರಿಗೂ ಏನೂ ಇಲ್ಲ ಅಂದರು. ಸುಳ್ಳು ಹೇಳಲಾದರೂ ಬರಬೇಡವೇ ಮನುಷ್ಯನಿಗೆ! ಉಪಯೋಗವಿಲ್ಲದ್ದನ್ನು ಊಟ ಬಿಟ್ಟು ಯಾರು ಬರೆಯುತ್ತಾರೆ? ಗೂಢಚಾರನೇ ಎಂದು ತೀರ್ಮಾನವಾಯಿತು. ಕರೆದೊಯ್ಯುವಾಗ ಅವರು ಬೇರೇನೂ ಬೇಡಲಿಲ್ಲ.

"ಅಕ್ಕಾ, ಗೋಡೆ ಮಾತ್ರ ತೊಳೀಬೇಡಿ. ಇನ್ನೂ ಸ್ವಲ್ಪ ಬಾಕಿ ಇದೆ."

ತೊಳೆಯೆಂದು ಬಿಯೆನ್ ಹೇಳಿದ್ದ. ತೊಳೆದೆ ಎಂದು ಸುಳ್ಳು ಹೇಳಿ ಥೊವಾ ಗೋಡೆಗೆ ಹುಲ್ಲು ಒಟ್ಟಿದಳು. ಹಳೆಯ ಹುಲ್ಲು ತೀರುವ ಮುಂಚೆ ಹೊಸದು ಒಟ್ಟುತ್ತ ಬಂದಳು. ಮೇಷ್ಟ್ರ ಸುದ್ದಿ ಮಾತ್ರ ಬರಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳ, ಒಂದು ಜೀವ ತಿಂದೆನಲ್ಲ ಎಂಬ ಸಂಕಟ ಅವಳನ್ನು ಬಿಡಲಿಲ್ಲ.

ಈಗ ಥುಯ್ ಬೇರೆಯೇ ಕತೆ ಹೇಳಿದಳು. ಮೇಷ್ಟ್ರನ್ನು ಆಗಲೇ ಬಿಟ್ಟುಬಿಟ್ಟಿದ್ದರಂತೆ. ಕೊನೆಯವರೆಗೂ ಪಾಠ ಹೇಳಿದರಂತೆ. ಗೋಡೆ ಮೇಲಿನದೇ ಅವರ ಎಲ್ಲಕ್ಕಿಂತ ದೊಡ್ಡ ಕೆಲಸವಂತೆ, ಆದರೆ ಅವತ್ತಿನ ಗಾಬರಿಗೆ ತಲೆಯಿಂದ ಹೋದದ್ದು ಮತ್ತೆ ಹೊಳೆಯಲೇ ಇಲ್ಲವಂತೆ. ಗೋಡೆ ತೊಳೆದಾಯಿತೆಂದು ಬಿಯೆನ್ ಹೇಳಿದ್ದರಿಂದ ಇತ್ತ ಬರಲೂ ಇಲ್ಲವಂತೆ. ಹೋದ ವರ್ಷ ತೀರಿಕೊಂಡರು ಎನ್ನುವಾಗ ಹುಡುಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಒಂದು ಗೆರೆ ಉಳಿದಿದ್ರೂ ಸಾಕು ಅಜ್ಜಿ. ಉಳಿದದ್ದನ್ನ ನಾವು ಹೇಗಾದ್ರೂ ಹುಡುಕ್ತೀವಿ."

ಗೋಡೆ ತೋರಿಸೋಣವೆಂದು ಥೊವಾ ಏಳಲು ಮೊಣಕಾಲಿಗೆ ಕೈ ಊರಿದಳು. ಊರಿದವಳು ಹಾಗೇ ತಡೆದಳು. ಕಣ್ಣೀರು ಯಾರು ಬೇಕಾದರೂ ಹಾಕಿಯಾರು.

"ನಿಮ್ಮ ಮೇಷ್ಟ್ರ ತಿಥಿ ಯಾವತ್ತಮ್ಮ?"

"ಮಾರ್ಚ್ ಹದಿನೇಳು, ಅಜ್ಜಿ."

"ತಾರೀಖಲ್ಲ. ಚಂದ್ರನ ಲೆಕ್ಕದಲ್ಲಿ ಯಾವ ತಿಂಗಳು, ಅಮಾವಾಸ್ಯೆ ಆದ ಎಷ್ಟನೇ ದಿನ?"

ಅದು ಇಬ್ಬರಿಗೂ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಹೆಂಡತಿ ಮಕ್ಕಳಿಲ್ಲ, ತಾರೀಖಿನ ದಿನವೇ ಶಿಷ್ಯರೆಲ್ಲ ಸೇರಿ ಹೂವಿಡುತ್ತೇವೆ ಎಂದಳು ಥುಯ್. ಥೊವಾ ಒಳಗೊಳಗೇ ನಕ್ಕಳು. ಇಂಗ್ಲಿಷ್ ತಾರೀಖಿಗೆ ಬಂದು ಅನ್ನ ಉಣ್ಣುವ ಪಿತೃ ಎಲ್ಲಿದ್ದಾನೆ? ಮಕ್ಕಳಿಲ್ಲದವನಿಗೆ ಶಿಷ್ಯರೇ ಮಕ್ಕಳು, ತಿಥಿ ಮರೆಯುವ ಮಕ್ಕಳುಂಟೇ? ನಾಟಕದವರು! ಸತ್ತೇ ಇಲ್ಲದವರಿಗೆ ತಿಥಿ ಎಲ್ಲಿಂದ ತಂದಾರು? ಮೇಷ್ಟ್ರು ತಪ್ಪಿಸಿಕೊಂಡು ಎಲ್ಲೋ ಬದುಕಿದ್ದಾರೆ, ಇವರು ಅವರ ವಿರುದ್ಧ ಸಾಕ್ಷಿ ಹುಡುಕಿಕೊಂಡು ಬಂದಿದ್ದಾರೆ.

"ಬರೆಯೋದಾ? ಅವರು ಏನೂ ಬರೀತಿರ್ಲಿಲ್ಲಮ್ಮ," ಅಂದಳು. "ಉಣ್ಣೋರು, ಮಲಗೋರು. ಪಾಪದ ಮನುಷ್ಯ."

ಗೋಡೆ ತೊಳೆದದ್ದೇ ನಿಜವೆಂದುಕೊಂಡು, ಸಪ್ಪೆ ಮುಖ ಹಾಕಿಕೊಂಡು ಅವರು ಬಸ್ಸಿಗೆ ಹೋದರು. ಇಂಥವರು ಮತ್ತೆ ಬರುತ್ತಾರೆ, ಮುಂದಿನ ಸಲ ಕೇಳುವುದಿಲ್ಲ, ಒಳಗೇ ನುಗ್ಗುತ್ತಾರೆ. ಥೊವಾ ಹುಲ್ಲನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದಳು. ಕೊಳದಿಂದ ನೀರು ತಂದು, ತೆಂಗಿನ ನಾರು ಹಿಡಿದು ಗೋಡೆಯ ಮುಂದೆ ಕೂತಳು. ಸುಣ್ಣ ಬೇಗ ಬಿಡಲಿಲ್ಲ. ಅವರು ಬದುಕಿದ್ದಾರೆ ಎಂಬ ಸಂತೋಷಕ್ಕೆ ಕಣ್ಣು ಒದ್ದೆಯಾಗಿತ್ತು, ತೋಳು ನೋಯುವುದು ಗೊತ್ತಾಗಲಿಲ್ಲ. ಮೇಲಿನ ಸಾಲಿನಿಂದ ಹಿಡಿದು ಕೆಳಗಿನ ಸಾಲಿನವರೆಗೂ ಒಂದು ಗೆರೆ ಉಳಿಯದ ಹಾಗೆ ಉಜ್ಜಿದಳು.