ಸುಜಾತಾ ಚಾಚಿದ ಎಡಗೈ

ಹೋದ ವಾರ ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನನ್ನು ಕಂಡ ಕೂಡಲೇ ಎಡಗೈ ಮುಂದೆ ಚಾಚಿದಳು. ನಾನು ಖುಷಿಯಿಂದ ಹಿಡಿದು ಕುಲುಕಿದೆ.

ಶಾಲೆಯ ವರಾಂಡದಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದ ಮಕ್ಕಳೆಲ್ಲ ನಕ್ಕರು. ಬಿಸಿಯೂಟ ಬಡಿಸುತ್ತಿದ್ದ ನಾಗಮ್ಮ ನಗಲಿಲ್ಲ.

"ಕುಲುಕಬ್ಯಾಡ್ರಿ ಮೇಡಂ, ಕಟ್ರಿ. ಕಟ್ಟಿಸ್ಕೊಳ್ಳಾಕ ಕೈ ಕೊಡ್ಲತ್ತಾಳ ಅಕಿ."

ಈ ಹುಡುಗಿ ನಿಮಗೆ ಗೊತ್ತು. ಮಳೆಗಾಲದಲ್ಲಿ ಇದೇ ಅಂಕಣದಲ್ಲಿ ಆಕೆಯ ಬಗ್ಗೆ ಬರೆದಿದ್ದೆ. ಹುಟ್ಟಿದಾಗಿನಿಂದ ಬಲಗೈ ಬಿಗಿದುಕೊಂಡಿದ್ದ ಸುಜಾತಾ (ಹೆಸರು ಆಗಲೂ ಬದಲಿಸಿದ್ದೆ) ಅದೇ ಕೈಯಿಂದ ರೊಟ್ಟಿ ಮುರಿದಳು, ಕಿಟಕಿಯಿಂದ ಬಿಸಿಲು ಬಿದ್ದಿತ್ತು, ತಾಯಿ ಕಣ್ಣೊರೆಸಿಕೊಂಡಳು. ತುಂಬ ಜನ ಮೆಸೇಜ್ ಮಾಡಿದಿರಿ. ನಾನೂ ಎಲ್ಲರಿಗೂ ಕೈಮುಗಿಯುವ ಎಮೋಜಿ ಕಳಿಸಿದೆ.

ಈಗ ಹೇಳುತ್ತೇನೆ. ಆ ರೊಟ್ಟಿಯನ್ನು ಮೊದಲೇ ಅರ್ಧ ಮುರಿದು ಆಕೆಯ ಬೆರಳುಗಳ ನಡುವೆ ಸಿಕ್ಕಿಸಿದವಳು ನಾನು. ತಾಯಿ ಕಣ್ಣೊರೆಸಿಕೊಂಡದ್ದು ನಿಜವೇ? ಧೂಳಿರಬಹುದು. ಬಿಸಿಲಂತೂ ಇರಲಿಲ್ಲ. ಅವತ್ತು ಭಾಲ್ಕಿಯಲ್ಲಿ ಮೋಡ.

ಹೊಸಬರಿಗೆ ಒಂದು ಮಾತು. ನಾನು ಆಕ್ಯುಪೇಷನಲ್ ಥೆರಪಿಸ್ಟ್. ವಿಶೇಷ ಅಗತ್ಯದ ಶಾಲಾ ಮಕ್ಕಳಿಗೆ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ತಾವೇ ಉಣ್ಣುವುದು, ಇಂಥವನ್ನು ಕಲಿಸುತ್ತೇನೆ. ಮಂಗಳವಾರ ಭಾಲ್ಕಿ, ಗುರುವಾರ ಔರಾದ್, ಉಳಿದ ದಿನ ಬೀದರ್. ಊರ ಮಂದಿಗೆ ಈ ಉದ್ದ ಹೆಸರು ಬೇಕಿಲ್ಲ. ಅವರ ಬಾಯಲ್ಲಿ ನಾನು 'ಕಸರತ್ ಮೇಡಂ'.

ನಮ್ಮಲ್ಲಿ ಒಂದು ವಿಧಾನವಿದೆ. ಮಗುವಿನ ಒಂದು ಕೈ ಚೆನ್ನಾಗಿದ್ದು ಇನ್ನೊಂದು ಬಿಗಿಯಾಗಿದ್ದರೆ, ಆಟದ ಹೊತ್ತಿನಲ್ಲಿ ಒಂದು ತಾಸು ಚೆನ್ನಾಗಿರುವ ಕೈಯನ್ನು ಬಟ್ಟೆಯಿಂದ ಸಡಿಲವಾಗಿ ಕಟ್ಟುತ್ತೇವೆ. ಆಗ ಸೋಮಾರಿ ಕೈ ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಬರುತ್ತದೆ. ಜೂನ್‌ನಲ್ಲಿ ಸುಜಾತಾಳ ಎಡಗೈ ಕಟ್ಟಿದವಳು ನಾನೇ. ನನ್ನದೇ ಹಳೆಯ ಓಢಣಿಯನ್ನು ಹರಿದು ಪಟ್ಟಿ ಮಾಡಿಕೊಟ್ಟಿದ್ದೆ. ದಿನಾ ಹೀಗೇ ಕಟ್ಟಿ ಎಂದು ತಾಯಿ ಕಮಲಾಬಾಯಿಗೆ ತೋರಿಸಿಕೊಟ್ಟೆ. ಒಂದು ಬಟ್ಟಲು ಕಡಲೆ, ಇನ್ನೊಂದು ಖಾಲಿ ಬಟ್ಟಲು. ಇದರಿಂದ ಅದಕ್ಕೆ ಹಾಕುವುದು. ಅಷ್ಟೇ ಆಟ.

ಈಚೆಗೆ ಎರಡು ಮಂಗಳವಾರ ತಾಯಿ ಮಗಳು ಬರಲಿಲ್ಲ. ಕೂಲಿ ಬಿಟ್ಟು ಬರಲಾಗದು ಎಂದು ಫೋನಿನಲ್ಲಿ ಹೇಳಿದ್ದರು. ಸರಿ, ನಾನೇ ಹೋಗೋಣ ಎಂದು ಬಸ್ ಹತ್ತಿದೆ. ಖಟಕ ಚಿಂಚೋಳಿ ಕಡೆಯ ಹಳ್ಳಿ. (ಊರಿನ ಹೆಸರೂ ಬೇಡ.) ತಲುಪಿದಾಗ ಊಟದ ಬೆಲ್ ಆಗಿತ್ತು.

"ಈಗ ಯಾಕೆ ಕಟ್ಟಬೇಕು, ನಾಗಮ್ಮ? ಊಟದ ಹೊತ್ತು."

"ನನಗೇನ್ ಕೇಳ್ತೀರಿ? ನೀವೇ ಹೇಳೀರಂತಲ್ಲ. ಹರೋಜ ಕಟ್ಟೇ ಉಣ್ತದ ಕೂಸು. ಉಣ್ತದ ಅಂದ್ರ ಏನ್ರಿ, ನಾಕ್ ತುತ್ತು. ಉಳಿದದ್ದೆಲ್ಲ ಫರಶಿ ಮ್ಯಾಲ."

"ಯಾವಾಗಿನಿಂದ?"

"ಸಾಲಿ ಚಾಲೂ ಆದಾಗಿಂದ."

ಅನ್ನ, ಸಾರು. ಬಿಗಿದ ಬೆರಳಿಗೆ ಇದಕ್ಕಿಂತ ಕಷ್ಟದ ಊಟ ಇಲ್ಲ. ಅದು ನನ್ನ ಕಸುಬಿನ ಮೊದಲ ಪಾಠ. ಅದಕ್ಕೆಂದೇ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ ಚಮಚ ಮಾಡಿಕೊಟ್ಟಿದ್ದೆ. ಅದು ಕಳೆದುಹೋಗಬಾರದೆಂದು ಮನೆಯಲ್ಲಿ ಭದ್ರವಾಗಿತ್ತು.

"ನೀವಾದರೂ ತಿನ್ನಿಸಬಹುದಿತ್ತಲ್ಲ?"

"ತಿನ್ನಸ್ಲಾಕ ಹ್ವಾದ್ರ ಬಾಯಿ ಮುಚ್ಕೋತಿದ್ಳು. ಮೇಡಂ ಬ್ಯಾಡ ಅಂದಾರ, ನನ್ನ ಕೈಲೇ ಉಣ್ಬೇಕು ಅಂತಿದ್ಳು. ಬಲು ಶಿಸ್ತಿನ ಹುಡುಗಿ ನಿಮ್ದು." ನಾಗಮ್ಮ ಸೌಟನ್ನು ಬಕೆಟ್ಟಿನ ಅಂಚಿಗೆ ಬಡಿದರು. "ನೀವು ಭಾಳ ಓದೀರಿ. ನಾ ಹ್ಯಾಂಗ ಎದುರು ಮಾತಾಡ್ಲಿ?"

ಐದು ತಿಂಗಳು. ಅಷ್ಟೂ ಮಧ್ಯಾಹ್ನ.

ನನಗೆ ಹೇಗೆ ತಿಳಿಯಲಿಲ್ಲ? ಭಾಲ್ಕಿಗೆ ಬರುವಾಗ ಆಕೆಯ ಕೈ ಕಟ್ಟಿರುತ್ತಿರಲಿಲ್ಲ. ಅಲ್ಲಿ ಕಟ್ಟುವವಳು ನಾನಿದ್ದೆನಲ್ಲ. ಫ್ರಾಕ್ ಸಡಿಲವಾಗಿದ್ದನ್ನು ನೋಡಿದ ನೆನಪಿದೆ. ಅಕ್ಕನ ಫ್ರಾಕ್ ಇರಬೇಕು ಎಂದುಕೊಂಡ ನೆನಪೂ ಇದೆ. (ಸುಜಾತಾಳಿಗೆ ಅಕ್ಕ ಇಲ್ಲ.) ಪ್ರತಿ ಮಂಗಳವಾರ ಆಕೆಯ ಬೆರಳು ನೋಡಿದೆ, ರಿಜಿಸ್ಟರಿನಲ್ಲಿ 'ಬಲಗೈ: ಪ್ರಗತಿ ಇದೆ' ಎಂದು ಬರೆದೆ. ಮುಖ ನೋಡಲಿಲ್ಲ. ಇನ್ನೂ ಕೆಟ್ಟ ವಿಷಯ ಕೇಳಿ. ಬಲಗೈಯಲ್ಲಿ ಪ್ರಗತಿ ನಿಜವಾಗಿಯೂ ಇತ್ತು.

ಸುಜಾತಾಳ ಪಕ್ಕದಲ್ಲಿದ್ದ ಓಢಣಿಯ ಪಟ್ಟಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಒಂದು ತಟ್ಟೆ ಕೇಳಿ ಪಡೆದು ಸುಜಾತಾಳ ಪಕ್ಕ ಕುಳಿತು ಎಡಗೈಯಿಂದ ಉಣ್ಣತೊಡಗಿದೆ. ಎಲ್ಲರಿಗೂ ಕಾಣುವ ಹಾಗೆ. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. "ಮೇಡಂ ತೊಳಿಯೋ ಕೈಲೆ ಉಣ್ಲತ್ತಾರ," ಎಂದು ಯಾರೋ ಕೂಗಿದರು.

ಇಲ್ಲಿ ಒಂದು ವಾಕ್ಯ ಬರೆದಿದ್ದೆ, ಸುಜಾತಾ ನನ್ನನ್ನು ನೋಡಿ ನಿಧಾನಕ್ಕೆ ಎಡಗೈ ತಟ್ಟೆಗಿಟ್ಟಳು ಎಂದು. ಹೊಡೆದುಹಾಕಿದ್ದೇನೆ. ಆಕೆ ಇಡಲಿಲ್ಲ. ನನ್ನ ಕೈಯನ್ನು ಒಮ್ಮೆ ನೋಡಿ, ನಾಚಿಕೆಯಾದವಳಂತೆ ಮುಖ ತಿರುಗಿಸಿದಳು. ಬಲಗೈಯಿಂದ ಮೂರು ತುತ್ತು ಉಂಡಳು. ಬೆಲ್ ಆಯಿತು.

ಪಕ್ಕದ ಹೊಲದಿಂದ ಕಮಲಾಬಾಯಿಯನ್ನು ಕರೆಸಿದೆವು. ಸೆರಗಿಗೆ ಕೈ ಒರೆಸುತ್ತ ಓಡಿಬಂದರು.

"ಒಂದು ತಾಸು ಅಂತ ಹೇಳಿದ್ದೆನಲ್ಲ, ಬಾಯಿ? ಊಟದಾಗ ಬೇಡ ಅಂತ ಬರೆದೂ ಕೊಟ್ಟಿದ್ದೆ."

"ತಾಸ್ ಅಂದಿದ್ರಿ, ಖರೇ. ಆಮ್ಯಾಲ, ಎಷ್ಟ್ ಹೆಚ್ಚ ಕಟ್ತೀರಿ ಅಷ್ಟ್ ಲಗೂ ಆದತ್ ಬೀಳ್ತದ ಅಂದ್ರಿ. ಊಟಕ್ಕಂತೂ ಬಲಗೈನೇ ಬೇಕಲ್ರಿ. ನಾಳಿ ಲಗ್ನದ ಪಂಗತ್ಯಾಗ ಎಡಗೈಲೆ ಉಂಡ್ರ ಬಾಜೂ ಕುಂತವ್ರು ಏಳ್ತಾರ. ಅದಕ್ಕ ಊಟದಾಗ ಕೈ ಕಟ್ರಿ, ಮೇಡಂ ಹೇಳ್ಯಾರ ಅಂತ ನಾನೇ ಸಾಲ್ಯಾಗ ಹೇಳಿ ಬಂದೆ."

ಹಾಗೆ ಅಂದೆನೇ? ಅಂದಿರಬಹುದು. ನಾನು ಆಡುವಂಥದ್ದೇ ಮಾತು ಅದು. ಔರಾದಿನಲ್ಲಿ ಇದೇ ಮಾತನ್ನು ಎಷ್ಟು ತಾಯಂದಿರಿಗೆ ಹೇಳಿದ್ದೇನೋ.

ಕಮಲಾಬಾಯಿ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಚೀಟಿ ತೆಗೆದರು. ನಾನು ಕೊಟ್ಟದ್ದು. 'ಊಟದ ವೇಳೆ ಬೇಡ' ಎಂದು ಕೆಂಪು ಪೆನ್ನಿನಲ್ಲಿ ಬರೆದು ಕೆಳಗೆ ಗೆರೆ ಎಳೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಚೀಟಿಯಲ್ಲಿ ಕೆಂಪು ಶಾಯಿಯೇ ಇಲ್ಲ. 'ದಿನಕ್ಕೆ ಒಂದು ತಾಸು, ಪ್ರೋತ್ಸಾಹಿಸಿ' ಎಂಬ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ. ಆ ಮನೆಯಲ್ಲಿ ಇಂಗ್ಲಿಷ್ ಓದುವವರು ಯಾರೂ ಇಲ್ಲ. ಅದು ನನಗೆ ಗೊತ್ತಿತ್ತು.

"ಒಂದ್ ಮಾತ್ ಹೇಳ್ತೀನಿ, ಬೈಬ್ಯಾಡ್ರಿ," ಎಂದರು ಕಮಲಾಬಾಯಿ. "ಸಂಜಿಕಿ ಮನ್ಯಾಗ ನಾ ತಿನ್ನಸ್ತಿದ್ದೆ. ಬ್ಯಾಡ ಅಂತಿದ್ಳು, ಮೇಡಂಗ ಹೇಳಂಗಿಲ್ಲ ಅಂತ ಆಣಿ ಮಾಡಿ ತಿನ್ನಸ್ತಿದ್ದೆ. ಕರಳು ತಡೀಲಿಲ್ರಿ. ನಿಮ್ಮ ಕಸರತ್ ಕೆಟ್ಟಿದ್ರ ಅದು ನಂದೇ ತಪ್ಪು."

ಆ ಐದು ತಿಂಗಳಲ್ಲಿ ಯಾರಾದರೂ ಸರಿಯಾದ ಕೆಲಸ ಮಾಡಿದ್ದರೆ ಅದು ಇದೊಂದೇ. ಅದನ್ನು ನನಗೆ ಹೆದರಿ, ನನ್ನಿಂದ ಮುಚ್ಚಿಟ್ಟು ಮಾಡಿದ್ದರು. ತಪ್ಪು ನನ್ನದು ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಓದಿದವರು ತಪ್ಪೊಪ್ಪಿಕೊಂಡರೆ ಅದನ್ನೂ ದೊಡ್ಡತನ ಎಂದುಕೊಳ್ಳುತ್ತಾರೆ ನಮ್ಮ ಜನ.

ಈ ಮಂಗಳವಾರ ಅವರು ಭಾಲ್ಕಿಗೆ ಬಂದಿದ್ದರು. ಕಡಲೆ ಬಟ್ಟಲು ತೆಗೆಯಲಿಲ್ಲ. ತಟ್ಟೆಯಲ್ಲಿ ಚುರುಮುರಿ ಹಾಕಿ ಮುಂದಿಟ್ಟೆ.

"ಯಾವ ಕೈಯಿಂದಾದರೂ ತಿನ್ನು ಸುಜಾತಾ. ಇನ್ನು ಮೇಲೆ ಕಟ್ಟೋದಿಲ್ಲ. ನೋಡು, ಬಟ್ಟೆ ಬಿಸಾಡಿಬಿಟ್ಟೀನಿ."

ಆಕೆ ನನ್ನ ಖಾಲಿ ಕೈಗಳನ್ನು ನೋಡಿದಳು. ಎಡಗೈಯನ್ನು ತೊಡೆಯ ಕೆಳಗೆ ತಳ್ಳಿ, ಅದರ ಮೇಲೆ ಭಾರ ಬಿಟ್ಟು ಕುಳಿತಳು. ಬಲಗೈಯಿಂದ ಒಂದೊಂದೇ ಚುರುಮುರಿ ಹೆಕ್ಕತೊಡಗಿದಳು.

"ಬಟ್ಟಿ ಇಲ್ಲಂದ್ರೂ ನಡೀತದ್ರಿ ಮೇಡಂ," ಎಂದಳು. "ನಾ ಹಿಂಗ ಕುಂದರ್ತೀನಿ."

ಗಂಟಿದ್ದರೆ ಬಿಚ್ಚಬಹುದಿತ್ತು. ಇಲ್ಲದ ಗಂಟನ್ನು ಎಲ್ಲಿಂದ ಬಿಚ್ಚಲಿ?